ಅಪ್ಪನ ಬಿಎಂಐ ‘ನಾರ್ಮಲ್’, ಹೊಟ್ಟೆ ಮಾತ್ರ ಮುಂದೆ. ಸ್ಟೆಂಟ್ ಹಾಕಿದವರ ಬೊಜ್ಜನ್ನು ಅಳೆಯುವುದು ಹೇಗೆ?

ಹಾಸನದ ಮಗಳು · ಭಾನುವಾರ ಬೆಳಿಗ್ಗೆ

ಎಲ್ಲರಿಗೂ ನಮಸ್ಕಾರ. ನಮ್ಮಪ್ಪನಿಗೆ 62 ವರ್ಷ. ಮೂರು ತಿಂಗಳ ಹಿಂದೆ ಎದೆನೋವು ಬಂತು, ಆಂಜಿಯೋಗ್ರಾಮ್ ಮಾಡಿ ಎರಡು ಸ್ಟೆಂಟ್ ಹಾಕಿದರು. ಈಗ ಆರಾಮಾಗಿ ಓಡಾಡುತ್ತಾರೆ. ಮಾತ್ರೆ ಒಂದೂ ತಪ್ಪಿಸುವುದಿಲ್ಲ.

ಹೋದ ವಾರ ಚೆಕಪ್‌ಗೆ ಕರೆದುಕೊಂಡು ಹೋಗಿದ್ದೆ. ಅಲ್ಲಿ ಮೆಷಿನ್ ಮೇಲೆ ನಿಲ್ಲಿಸಿದರು. ತೂಕ 64 ಕೆ.ಜಿ., ಎತ್ತರ 165 ಸೆಂ.ಮೀ. ಕೆಳಗಿಂದ ಒಂದು ಚೀಟಿ ಬಂತು. ಬಿಎಂಐ 23.5, ಪಕ್ಕದಲ್ಲಿ ‘ನಾರ್ಮಲ್’ ಅಂತ ಅಚ್ಚಾಗಿತ್ತು. ಅಪ್ಪ ಆ ಚೀಟಿಯನ್ನು ಮನೆಗೆ ತಂದು ಕ್ಯಾಲೆಂಡರಿಗೆ ಸಿಕ್ಕಿಸಿದ್ದಾರೆ. ಸಂಜೆ ಬೋಂಡ ಬೇಡ ಅಂದರೆ ಅದನ್ನೇ ತೋರಿಸುತ್ತಾರೆ.

ಆದರೆ ಅಪ್ಪನನ್ನು ನೋಡಿದರೆ ಕೈಕಾಲು ಸಣ್ಣ, ಹೊಟ್ಟೆ ಮಾತ್ರ ಮುಂದೆ ಬಂದಿದೆ. ಎರಡು ವರ್ಷದಲ್ಲಿ ಉಡುದಾರ ಎರಡು ಸಲ ಬದಲಾಯಿಸಿದ್ದಾಯಿತು, ಬಿಗಿಯಾಗುತ್ತೆ ಅಂತ. ಅದನ್ನು ಮೊದಲು ಗಮನಿಸಿದ್ದು ಅಮ್ಮ. ಅವರು ಕೇಳಿದ ಪ್ರಶ್ನೆ ನನ್ನನ್ನು ಬಿಡುತ್ತಿಲ್ಲ: ‘ತೂಕ ಸರಿಯಿದ್ದರೆ ಉಡುದಾರ ಯಾಕೆ ಬಿಗಿಯಾಗುತ್ತೆ?’

ನಮ್ಮ ಊರ ಕಡೆ 2025ರಲ್ಲಿ ಹೃದಯಾಘಾತದ ಸುದ್ದಿ ಎಷ್ಟು ಬಂತು ಅಂತ ನಿಮಗೆಲ್ಲ ಗೊತ್ತು. ಆಗಿನಿಂದ ನನಗೆ ಭಯ ಹೋಗಿಲ್ಲ. ಹೃದಯದ ತೊಂದರೆ ಈಗಾಗಲೇ ಇರುವವರಿಗೆ ಬೊಜ್ಜನ್ನು ಹೇಗೆ ನೋಡಬೇಕು? ಯಾವ ಅಳತೆಯನ್ನು ನಂಬಬೇಕು? ಗೊತ್ತಿದ್ದವರು ದಯವಿಟ್ಟು ಹೇಳಿ.

ಗಣಿತ ಮೇಷ್ಟ್ರು, ಧಾರವಾಡ · ಭಾನುವಾರ ಬೆಳಿಗ್ಗೆ

ತಂಗಿ, ನಿಮ್ಮ ತಾಯಿಯವರ ಪ್ರಶ್ನೆ ಬಹಳ ಸರಿಯಾಗಿದೆ.

ಬಿಎಂಐ ಲೆಕ್ಕ ಸರಳ. ತೂಕವನ್ನು ಎತ್ತರದ ವರ್ಗದಿಂದ ಭಾಗಿಸಬೇಕು. 1.65 ಗುಣಿಸು 1.65 ಮಾಡಿ, ಬಂದ ಉತ್ತರದಿಂದ 64 ಅನ್ನು ಭಾಗಿಸಿದರೆ 23.5. ಮೆಷಿನ್ ಲೆಕ್ಕ ತಪ್ಪಿಲ್ಲ. ಆದರೆ ಆ ಲೆಕ್ಕಕ್ಕೆ ಹೊಟ್ಟೆ ಎಲ್ಲಿದೆ, ತೊಡೆ ಎಲ್ಲಿದೆ ಅಂತ ಗೊತ್ತಾಗುವುದಿಲ್ಲ. ಮಾಂಸ ಎಷ್ಟು, ಕೊಬ್ಬು ಎಷ್ಟು ಅಂತಲೂ ಗೊತ್ತಾಗುವುದಿಲ್ಲ.

ಇದನ್ನು ಮೊದಲು ಕೊಟ್ಟವನು ಬೆಲ್ಜಿಯಂನ ಅಡಾಲ್ಫ್ ಕೆಟ್ಲೆ, 1830ರ ದಶಕದಲ್ಲಿ. ಅವನು ವೈದ್ಯನಲ್ಲ. ಖಗೋಳ ಮತ್ತು ಗಣಿತದವನು. ಇಡೀ ಜನಸಮೂಹದ ಸರಾಸರಿ ಮನುಷ್ಯ ಹೇಗಿರುತ್ತಾನೆ ಅಂತ ಹುಡುಕುತ್ತಿದ್ದ. ‘ಬಾಡಿ ಮಾಸ್ ಇಂಡೆಕ್ಸ್’ ಅನ್ನುವ ಹೆಸರು ಬಂದದ್ದು 1972ರಲ್ಲಿ, ಆನ್ಸೆಲ್ ಕೀಸ್ ಅವರಿಂದ. ಸಾವಿರ ಜನರ ಸರಾಸರಿಗೆ ಇದು ಒಳ್ಳೆಯ ಲೆಕ್ಕ. ಎದುರಿಗೆ ಕೂತ ಒಬ್ಬ ರೋಗಿಗೆ ಇದೊಂದೇ ಸಾಲದು.

ಇನ್ನೊಂದು ವಿಷಯ. ಆ ಮೆಷಿನ್ 25ರ ತನಕ ‘ನಾರ್ಮಲ್’ ಅನ್ನುತ್ತಿದೆ, ಅಲ್ವಾ? ಅದು ವಿಶ್ವ ಆರೋಗ್ಯ ಸಂಸ್ಥೆ ಎಲ್ಲ ದೇಶಗಳಿಗೂ ಹೇಳಿದ ಗೆರೆ. ನಮ್ಮ ದೇಶದ ತಜ್ಞರು 2009ರಲ್ಲೇ ಭಾರತೀಯರಿಗೆ ಬೇರೆ ಗೆರೆ ಎಳೆದಿದ್ದಾರೆ. 23 ದಾಟಿದರೆ ತೂಕ ಜಾಸ್ತಿ, 25 ದಾಟಿದರೆ ಬೊಜ್ಜು. ಆ ಲೆಕ್ಕದಲ್ಲಿ ನಿಮ್ಮ ತಂದೆಯವರು ಈಗಲೇ ಗೆರೆಯ ಆಚೆ ಇದ್ದಾರೆ.

ಯಾಕೆ ಬೇರೆ ಗೆರೆ ಅಂದರೆ, 2004ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಇಬ್ಬರು ವೈದ್ಯರ ಫೋಟೋ ಬಂತು. ಒಬ್ಬರು ಪುಣೆಯ ಚಿತ್ತರಂಜನ್ ಯಾಜ್ಞಿಕ್, ಇನ್ನೊಬ್ಬರು ಇಂಗ್ಲೆಂಡಿನ ಜಾನ್ ಯುಡ್ಕಿನ್. ಇಬ್ಬರ ಬಿಎಂಐ ಕೂಡ 22.3. ಮೈಯಲ್ಲಿದ್ದ ಕೊಬ್ಬು ಅಳೆದಾಗ ಯುಡ್ಕಿನ್ ಅವರಲ್ಲಿ ಶೇ. 9.1, ಯಾಜ್ಞಿಕ್ ಅವರಲ್ಲಿ ಶೇ. 21.2! ಬಿಎಂಐ ಒಂದೇ, ಕೊಬ್ಬು ಎರಡು ಪಟ್ಟಿಗಿಂತ ಜಾಸ್ತಿ. ನಮ್ಮವರ ಮೈಕಟ್ಟೇ ಹಾಗೆ. ಸಣ್ಣಗೆ ಕಾಣುತ್ತೇವೆ, ಕೊಬ್ಬು ಒಳಗಿರುತ್ತದೆ.

ಮೂಡಿಗೆರೆ ತೋಟ · ಭಾನುವಾರ ಮಧ್ಯಾಹ್ನ

ಮೇಷ್ಟ್ರೇ, ಎಲ್ಲ ಸರಿ. ಆದರೆ ಹಾರ್ಟ್ ಪೇಷೆಂಟ್‌ಗಳಲ್ಲಿ ಸ್ವಲ್ಪ ದಪ್ಪ ಇದ್ದವರೇ ಜಾಸ್ತಿ ದಿನ ಬದುಕುತ್ತಾರೆ ಅಂತ ನಾನು ಓದಿದ್ದೇನೆ. ನಮ್ಮಣ್ಣ ಬೈಪಾಸ್ ಆದಮೇಲೆ ಹೆದರಿ ಊಟ ಬಿಟ್ಟ. ಆರು ತಿಂಗಳಲ್ಲಿ 11 ಕೆ.ಜಿ. ಇಳಿದ. ಎಲ್ಲರೂ ‘ಭೇಷ್’ ಅಂದರು. ಆಮೇಲೆ ನ್ಯುಮೋನಿಯಾ ಬಂತು, ತಡೆಯಲು ಮೈಯಲ್ಲಿ ಶಕ್ತಿಯೇ ಇರಲಿಲ್ಲ. ಹೋಗಿಬಿಟ್ಟ. ವಯಸ್ಸಾದವರನ್ನು ಸುಮ್ನೆ ಹೆದರಿಸಿ ಸಣ್ಣ ಮಾಡಬೇಡಿ ಅನ್ನುವುದಷ್ಟೇ ನನ್ನ ಮಾತು.

ಹಾಸನದ ಮಗಳು · ಭಾನುವಾರ ಮಧ್ಯಾಹ್ನ

ಅಣ್ಣ, ಓದಿ ತುಂಬಾ ಬೇಜಾರಾಯಿತು. ಹಾಗಾದರೆ ಅಪ್ಪ ಹೀಗೇ ಇರಲಿ ಅಂತೀರಾ? ನನಗೆ ಇನ್ನೂ ಗೊಂದಲವಾಯಿತು.

ರಿಹ್ಯಾಬ್ ಫಿಸಿಯೋ, ಮಂಗಳೂರು · ಭಾನುವಾರ ರಾತ್ರಿ

ಹೃದಯದ ರೋಗಿಗಳಿಗೆ ವ್ಯಾಯಾಮ ಮಾಡಿಸುವುದೇ ನನ್ನ ಕೆಲಸ. ಹನ್ನೆರಡು ವರ್ಷವಾಯಿತು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆಯಿಂದ ಓದಿ.

ಮೂಡಿಗೆರೆ ಅಣ್ಣ, ನೀವು ಓದಿದ್ದು ಸುಳ್ಳಲ್ಲ. 2006ರಲ್ಲಿ ಅಮೆರಿಕದ ಮೇಯೋ ಕ್ಲಿನಿಕ್‌ನವರು 40 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಸುಮಾರು ಎರಡೂವರೆ ಲಕ್ಷ ಹೃದಯ ರೋಗಿಗಳು. ಬಿಎಂಐ ತೀರಾ ಕಡಿಮೆ ಇದ್ದವರಲ್ಲಿ ಸಾವು ಜಾಸ್ತಿ. ಸ್ವಲ್ಪ ದಪ್ಪ ಇದ್ದವರಲ್ಲಿ ಕಡಿಮೆ. ಎಲ್ಲರಿಗೂ ಆಶ್ಚರ್ಯವಾಯಿತು. ಬೊಜ್ಜು ಕಾಪಾಡುತ್ತದೆ ಅಂತ ಎಷ್ಟೋ ಜನ ಅಂದುಕೊಂಡರು.

ಅವರು ಅಳೆದದ್ದು ಬಿಎಂಐ. ಅಲ್ಲೇ ಇದೆ ವಿಷಯ. ಬಿಎಂಐ ಕಡಿಮೆ ಇದ್ದವರಲ್ಲಿ ಕಾಯಿಲೆಯಿಂದ ಸೊರಗಿದವರು, ಬೀಡಿ ಸಿಗರೇಟು ಸೇದುವವರು, ಮಾಂಸಖಂಡ ಕರಗಿದವರು ಎಲ್ಲ ಸೇರಿರುತ್ತಾರೆ. ಬಿಎಂಐ ಜಾಸ್ತಿ ಇದ್ದವರಲ್ಲಿ ಗಟ್ಟಿಮುಟ್ಟಾದವರೂ ಇರುತ್ತಾರೆ. 2011ರಲ್ಲಿ ಹೃದಯದ ರಕ್ತನಾಳದ ಕಾಯಿಲೆ ಇರುವ ಸುಮಾರು 16,000 ಜನರ ಸೊಂಟದ ಅಳತೆಯನ್ನು ನೋಡಿದಾಗ ಕಥೆ ಬೇರೆಯೇ ಆಯಿತು. ಹೊಟ್ಟೆಯ ಬೊಜ್ಜು ಇದ್ದವರಲ್ಲಿ ಸಾವು ಜಾಸ್ತಿ. ಬಿಎಂಐ ನಾರ್ಮಲ್ ಇದ್ದವರಲ್ಲೂ! 2023ರಲ್ಲಿ ಗ್ಲಾಸ್ಗೋದ ಸಂಶೋಧಕರು ಹಾರ್ಟ್ ಫೇಲ್ಯೂರ್, ಅಂದರೆ ಹೃದಯ ರಕ್ತವನ್ನು ಸಾಕಷ್ಟು ಪಂಪ್ ಮಾಡಲಾಗದ ಸ್ಥಿತಿ ಇರುವ ಸುಮಾರು 8,400 ಜನರ ಲೆಕ್ಕ ತೆಗೆದರು. ಬಿಎಂಐ ಬದಲು ಸೊಂಟ ಮತ್ತು ಎತ್ತರದ ಅನುಪಾತ ಇಟ್ಟ ಕೂಡಲೇ ಆ ‘ದಪ್ಪ ಇದ್ದರೆ ಒಳ್ಳೆಯದು’ ಅನ್ನುವುದು ಕಾಣೆಯಾಯಿತು.

ಆದ್ದರಿಂದ ತಂಗಿ, ನಿಮ್ಮ ತಂದೆಯ ತೂಕದ ಕಡೆ ಅಲ್ಲ, ಹೊಟ್ಟೆಯ ಕಡೆ ನೋಡಿ. ಟೇಪು ತೆಗೆದುಕೊಳ್ಳಿ. ಟೈಲರ್ ಟೇಪೇ ಸಾಕು, ಆದರೆ ಹೊಸದಿರಲಿ. ಹಳೆಯ ಬಟ್ಟೆ ಟೇಪು ಎಳೆದು ಎಳೆದು ಉದ್ದವಾಗಿರುತ್ತದೆ, ಅಳತೆ ಕಡಿಮೆ ತೋರಿಸುತ್ತದೆ.

ಬೆಳಿಗ್ಗೆ ಹೊಟ್ಟೆ ಖಾಲಿ ಇರುವಾಗ ಅಳೆಯಿರಿ. ಬನಿಯನ್ ಮೇಲೆತ್ತಿ, ಪಂಚೆಯ ಗಂಟು ಸಡಿಲ ಮಾಡಿಸಿ. ಎರಡೂ ಕಾಲಿನ ಮೇಲೆ ಸಮ ಭಾರ ಹಾಕಿ ನಿಲ್ಲಲಿ. ಪಕ್ಕದಿಂದ ಬೆರಳು ಒತ್ತಿ ನೋಡಿ: ಕೊನೆಯ ಪಕ್ಕೆಲುಬು ಸಿಗುತ್ತದೆ, ಕೆಳಗೆ ಸೊಂಟದ ಮೂಳೆಯ ಮೇಲಂಚು ಸಿಗುತ್ತದೆ. ಎರಡರ ನಡುವೆ ಪೆನ್ನಲ್ಲಿ ಒಂದು ಗುರುತು. ಟೇಪು ಆ ಗುರುತಿನ ಮೇಲೆ ಸುತ್ತಲೂ ನೆಲಕ್ಕೆ ಸಮನಾಗಿ ಬರಬೇಕು. ಚರ್ಮಕ್ಕೆ ತಾಗಲಿ, ಒತ್ತಬಾರದು. ಮಾಮೂಲಿಯಾಗಿ ಉಸಿರು ಬಿಟ್ಟ ಕೊನೆಗೆ ಓದಿ. ಎರಡು ಸಲ ಅಳೆಯಿರಿ. ಒಂದು ಸೆಂ.ಮೀ.ಗಿಂತ ಜಾಸ್ತಿ ವ್ಯತ್ಯಾಸ ಬಂದರೆ ಇನ್ನೊಂದು ಸಲ.

ಹೊಕ್ಕುಳನ್ನು ನಂಬಬೇಡಿ. ಹೊಟ್ಟೆ ಜೋತುಬಿದ್ದವರಲ್ಲಿ ಹೊಕ್ಕುಳೂ ಕೆಳಗೆ ಇಳಿದಿರುತ್ತದೆ. ಪ್ಯಾಂಟಿನ ಸೈಜನ್ನಂತೂ ನಂಬಲೇಬೇಡಿ. ನಮ್ಮ ಗಂಡಸರು ಪ್ಯಾಂಟನ್ನು ಹೊಟ್ಟೆಯ ಕೆಳಗೆ ಹಾಕುತ್ತಾರೆ. ಉಡುದಾರವೂ ಹಾಗೇ ಜಾರುತ್ತದೆ. ಆದರೂ ನಿಮ್ಮಮ್ಮನಿಗೆ ಅದು ಸುಳಿವು ಕೊಟ್ಟಿತಲ್ಲ, ಅದು ದೊಡ್ಡದು.

ಭಾರತೀಯ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ಗೆರೆ.

ಲೀಡ್ಸ್ ಕನ್ನಡಿಗ · ಭಾನುವಾರ ರಾತ್ರಿ

ಇಲ್ಲಿ ಬ್ರಿಟನ್‌ನಲ್ಲಿ 2022ರಿಂದ ಇನ್ನೂ ಸುಲಭದ ಸೂತ್ರ ಹೇಳುತ್ತಾರೆ. ಸೊಂಟ ನಿಮ್ಮ ಎತ್ತರದ ಅರ್ಧಕ್ಕಿಂತ ಕಡಿಮೆ ಇರಬೇಕು. ಅನುಪಾತ 0.5 ಮುಟ್ಟಿದರೆ ಅಪಾಯ ಶುರು, 0.6 ಮುಟ್ಟಿದರೆ ಅಪಾಯ ಜಾಸ್ತಿ. ಗಂಡಸರಿಗೂ ಹೆಂಗಸರಿಗೂ ಒಂದೇ ಲೆಕ್ಕ, ನಮ್ಮ ಕಡೆಯವರಿಗೂ ಅದೇ.

ಟೇಪು ಇಲ್ಲದಿದ್ದರೆ ನೂಲು ಸಾಕು. ತಲೆಯಿಂದ ಹಿಮ್ಮಡಿಯವರೆಗೆ ಅಳೆದು ಕತ್ತರಿಸಿ, ಎರಡು ಮಡಿಕೆ ಮಾಡಿ, ಸೊಂಟಕ್ಕೆ ಸುತ್ತಿ. ತುದಿಗಳು ಕೂಡಿದರೆ ಸರಿ. ಊರಿಗೆ ಬಂದಾಗ ನಮ್ಮ ಮಾವನಿಗೆ ಹೂ ಕಟ್ಟುವ ದಾರದಲ್ಲಿ ಹೀಗೆ ತೋರಿಸಿದೆ. ನಾಲ್ಕು ಬೆರಳಿನಷ್ಟು ಕಡಿಮೆ ಬಿತ್ತು. ಅಂಕಿ ಹೇಳಿದಾಗ ಒಪ್ಪದವರು ದಾರ ಸಾಲದ್ದನ್ನು ನೋಡಿ ಸುಮ್ಮನಾದರು.

ತುಂಗೆಯ ದಡ · ಸೋಮವಾರ ಬೆಳಿಗ್ಗೆ

ನನ್ನದೊಂದು ಎಚ್ಚರಿಕೆ. ನಮ್ಮಮ್ಮನಿಗೆ ಹಾರ್ಟ್ ಫೇಲ್ಯೂರ್. ಹೃದಯದ ಪಂಪಿಂಗ್ ಶೇ. 30 ಅಂತ ಎಕೋದಲ್ಲಿ (ಹೃದಯದ ಸ್ಕ್ಯಾನ್) ಬಂದಿತ್ತು. ಹೋದ ವರ್ಷ ನಾಲ್ಕೇ ದಿನದಲ್ಲಿ ತೂಕ 58ರಿಂದ 61 ಆಯಿತು. ನೆಂಟರೆಲ್ಲ ‘ಸ್ವಲ್ಪ ಮೈ ತುಂಬಿಕೊಂಡಿದ್ದಾಳೆ’ ಅಂತ ಖುಷಿಪಟ್ಟರು. ಒಂದು ಕ್ಲಿನಿಕ್‌ಗೆ ಹೋದೆವು. ತೂಕ ನೋಡಿ ‘ಅನ್ನ ಕಡಿಮೆ ಮಾಡಿ, ವಾಕಿಂಗ್ ಮಾಡಿ’ ಅಂದರು. ಪಾದ ನೋಡಲೇ ಇಲ್ಲ.

ಅಮ್ಮನ ಕಾಲುಂಗುರ ಬೆರಳಿಗೆ ಕಚ್ಚಿಕೊಂಡು ಬಿಟ್ಟಿತ್ತು. ನನಗೆ ಅದು ಕಂಡದ್ದು ಮಾರನೆಯ ರಾತ್ರಿ, ಅವರು ಮಲಗಲಾರದೆ ಎದ್ದು ಕೂತು ಉಸಿರಾಡುವಾಗ. ಅದು ಕೊಬ್ಬಲ್ಲ, ನೀರು. ಆಸ್ಪತ್ರೆಯಲ್ಲಿ ನೀರು ಇಳಿಸುವ ಇಂಜೆಕ್ಷನ್ ಕೊಟ್ಟರು. ಮೂರು ದಿನದಲ್ಲಿ ಮತ್ತೆ 58. ಈ ಮಾತು ಬರೆಯುವಾಗಲೂ ಕೈ ನಡುಗುತ್ತದೆ. ದಯವಿಟ್ಟು ಯಾರೂ ಇದನ್ನು ಬೊಜ್ಜು ಅಂತ ತಿಳಿಯಬೇಡಿ.

ವಾರ್ಡ್ ಸಿಸ್ಟರ್ · ಸೋಮವಾರ ಬೆಳಿಗ್ಗೆ

ಅಕ್ಕ, ನೀವು ಬರೆದದ್ದು ತುಂಬಾ ಒಳ್ಳೆಯದಾಯಿತು. ಹಾರ್ಟ್ ಫೇಲ್ಯೂರ್ ಇರುವವರಿಗೆ ತೂಕದ ಮೆಷಿನ್ ಬೇಕೇ ಬೇಕು, ಆದರೆ ಬೊಜ್ಜು ನೋಡಲು ಅಲ್ಲ. ನೀರು ನೋಡಲು. ದಿನಾ ಬೆಳಿಗ್ಗೆ ಬಾತ್‌ರೂಮಿಗೆ ಹೋಗಿ ಬಂದು, ಕಾಫಿ ಕುಡಿಯುವ ಮೊದಲು, ಅದೇ ತರಹದ ಬಟ್ಟೆಯಲ್ಲಿ ತೂಕ ನೋಡಿ ಬರೆದಿಡಿ. ಮೂರು ದಿನದಲ್ಲಿ 2 ಕೆ.ಜಿ. ಮೀರಿ ಏರಿದರೆ ಡಾಕ್ಟರಿಗೆ ಫೋನ್ ಮಾಡಿ. ಕೊಬ್ಬು ಅಷ್ಟು ಬೇಗ ಏರುವುದಿಲ್ಲ. ಮೊಣಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳಿಂದ ಒತ್ತಿ ಬಿಡಿ. ಗುಳಿ ಹಾಗೇ ನಿಂತರೆ ನೀರು ತುಂಬಿದೆ ಅಂತ.

ಹೊಟ್ಟೆಯಲ್ಲೂ ನೀರು ತುಂಬಬಹುದು. ಆಗ ಟೇಪು ಕೂಡ ಮೋಸ ಮಾಡುತ್ತದೆ. ಹಾಗಾಗಿ ನೀರು ಪೂರ್ತಿ ಇಳಿದು, ತೂಕ ಒಂದು ಕಡೆ ನಿಂತ ಮೇಲೆಯೇ ಬೊಜ್ಜಿನ ಮಾತು.

ಪೇಸ್‌ಮೇಕರ್ 2019 · ಸೋಮವಾರ ಮಧ್ಯಾಹ್ನ

ಮಗ ಒಂದು ಸ್ಮಾರ್ಟ್ ತೂಕದ ಮೆಷಿನ್ ಕಳಿಸಿದ್ದಾನೆ. ಬರಿಗಾಲಲ್ಲಿ ನಿಂತರೆ ಮೈಯ ಕೊಬ್ಬು ಶೇಕಡಾ ಎಷ್ಟು ಅಂತ ಹೇಳುತ್ತದಂತೆ. ನನಗೆ ಪೇಸ್‌ಮೇಕರ್ ಇದೆ. ನಿಲ್ಲಬಹುದಾ?

ವಾರ್ಡ್ ಸಿಸ್ಟರ್ · ಸೋಮವಾರ ಮಧ್ಯಾಹ್ನ

ಸರ್, ಸದ್ಯಕ್ಕೆ ನಿಲ್ಲಬೇಡಿ. ಆ ಮೆಷಿನ್ ಮೈಯೊಳಗೆ ಸಣ್ಣ ಕರೆಂಟ್ ಹರಿಸಿ ಲೆಕ್ಕ ಹಾಕುತ್ತದೆ. ಪೇಸ್‌ಮೇಕರ್ ಇದ್ದವರು ಬಳಸಬಾರದು ಅಂತ ಡಬ್ಬದ ಜೊತೆ ಬರುವ ಪುಸ್ತಕದಲ್ಲೇ ಬರೆದಿರುತ್ತಾರೆ. ಮುಂದಿನ ಸಲ ಪೇಸ್‌ಮೇಕರ್ ಚೆಕ್ ಮಾಡಿಸುವಾಗ ಡಾಕ್ಟರನ್ನು ಕೇಳಿ. ಅಲ್ಲಿಯವರೆಗೆ ಮಾಮೂಲಿ ಮುಳ್ಳಿನ ಮೆಷಿನ್ ಸಾಕು. ಕಾಲು ಊದಿಕೊಂಡವರಿಗೂ ಆ ಕೊಬ್ಬಿನ ಶೇಕಡಾ ತಪ್ಪು ಬರುತ್ತದೆ, ಯಾಕೆಂದರೆ ಅದರ ಲೆಕ್ಕವೆಲ್ಲ ಮೈಯ ನೀರಿನ ಮೇಲೆ ನಿಂತಿದೆ.

ಹಾಸನದ ಮಗಳು · ಸೋಮವಾರ ಸಂಜೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇವತ್ತು ಬೆಳಿಗ್ಗೆ ಅಪ್ಪನನ್ನು ಅಳೆದೆ. ‘ನನ್ನ ಪ್ಯಾಂಟು 34 ಇಂಚು, ಅಂದರೆ 86 ಸೆಂ.ಮೀ., ಅಳೆಯೋದೇನಿದೆ’ ಅಂತ ಒಪ್ಪಲೇ ಇಲ್ಲ. ಫಿಸಿಯೋ ಸರ್ ಹೇಳಿದ ಜಾಗಕ್ಕೆ ಗುರುತು ಹಾಕಿ ಟೇಪು ಹಿಡಿದರೆ 97! ಎರಡು ಸಲ ಅಳೆದೆ, ಎರಡು ಸಲವೂ 97. ಎತ್ತರದಿಂದ ಭಾಗಿಸಿದರೆ 0.59. ಕಾಲು ಒತ್ತಿಯೂ ನೋಡಿದೆ, ಗುಳಿ ಇಲ್ಲ.

ಅಪ್ಪ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ ‘ಹೊಟ್ಟೆಗೂ ಹಾರ್ಟಿಗೂ ಏನು ಸಂಬಂಧ?’ ಅಂತ ಕೇಳಿದರು. ನನಗೆ ಸರಿಯಾಗಿ ಹೇಳಲು ಬರಲಿಲ್ಲ.

ರಿಹ್ಯಾಬ್ ಫಿಸಿಯೋ, ಮಂಗಳೂರು · ಸೋಮವಾರ ರಾತ್ರಿ

ಹೀಗೆ ಹೇಳಿ ನೋಡಿ. ತೊಡೆ, ಪೃಷ್ಠದಲ್ಲಿ ಚರ್ಮದ ಕೆಳಗೆ ಕೂತ ಕೊಬ್ಬು ಉಗ್ರಾಣದಲ್ಲಿಟ್ಟ ಮೂಟೆಯ ಹಾಗೆ. ಸುಮ್ಮನೆ ಬಿದ್ದಿರುತ್ತದೆ. ಹೊಟ್ಟೆಯ ಒಳಗೆ ಕರುಳು, ಲಿವರ್ ಸುತ್ತ ತುಂಬುವ ಕೊಬ್ಬು ಸುಮ್ಮನಿರುವುದಿಲ್ಲ. ಅದರಿಂದ ಬಿಡುಗಡೆಯಾದ ಕೊಬ್ಬಿನಂಶ ನೇರ ಲಿವರಿಗೆ ಹೋಗುತ್ತದೆ. ಟ್ರೈಗ್ಲಿಸರೈಡ್ (ರಕ್ತದಲ್ಲಿನ ಒಂದು ಬಗೆಯ ಕೊಬ್ಬು) ಏರುತ್ತದೆ, ಒಳ್ಳೆಯ ಕೊಲೆಸ್ಟರಾಲ್ ಇಳಿಯುತ್ತದೆ, ಸಕ್ಕರೆ ಏರುತ್ತದೆ, ರಕ್ತನಾಳದ ಗೋಡೆಯಲ್ಲಿ ಉರಿಯೂತ ಹೆಚ್ಚುತ್ತದೆ. ಹೃದಯದ ಮೇಲೂ ಇಂಥದೇ ಕೊಬ್ಬಿನ ಪದರ ಬೆಳೆಯುತ್ತದೆ. ಸ್ಟೆಂಟ್ ತೆರೆದಿರುವುದು ಒಂದೆರಡು ಜಾಗ ಮಾತ್ರ. ಉಳಿದ ನಾಳವೆಲ್ಲ ಇದೇ ರಕ್ತದಲ್ಲೇ ಇರಬೇಕು.

ಇದು ಬರೀ ಹೊರದೇಶದವರ ಮಾತಲ್ಲ. ‘ಇಂಟರ್‌ಹಾರ್ಟ್’ ಅಂತ 52 ದೇಶಗಳ ಅಧ್ಯಯನ ನಡೆಯಿತು, 27,000ಕ್ಕೂ ಜಾಸ್ತಿ ಜನ. ನಮ್ಮ ಬೆಂಗಳೂರಿನ ಸೇಂಟ್ ಜಾನ್ಸ್ ವೈದ್ಯಕೀಯ ಕಾಲೇಜು ಕೂಡ ಅದರಲ್ಲಿತ್ತು. 2005ರಲ್ಲಿ ಬಂದ ಅದರ ಲೆಕ್ಕದಲ್ಲಿ ಹೃದಯಾಘಾತದ ಜೊತೆ ಬಿಎಂಐಗಿಂತ ಸೊಂಟ ಮತ್ತು ಪೃಷ್ಠದ ಅನುಪಾತಕ್ಕೇ ಗಟ್ಟಿ ನಂಟು ಕಂಡಿತು.

ಈಗ ಮೂಡಿಗೆರೆ ಅಣ್ಣನ ಮಾತಿಗೆ ಮತ್ತೆ ಬರುತ್ತೇನೆ, ಯಾಕೆಂದರೆ ಅದು ಬಿಟ್ಟುಹೋಗಬಾರದು. ಹೊಟ್ಟೆ ಇಳಿಯಬೇಕು, ಮಾಂಸಖಂಡ ಇಳಿಯಬಾರದು. ಉಪವಾಸ ಮಾಡಿ ತೂಕ ಇಳಿಸಿದರೆ ಎರಡೂ ಇಳಿಯುತ್ತದೆ. ಅದಕ್ಕೇ ನಾನು ನನ್ನ ರೋಗಿಗಳ ಮೀನಖಂಡವನ್ನೂ ಅಳೆಯುತ್ತೇನೆ. ಏಷ್ಯಾದವರಿಗೆ ಗಂಡಸರಲ್ಲಿ 34 ಸೆಂ.ಮೀ., ಹೆಂಗಸರಲ್ಲಿ 33 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಮಾಂಸ ಕರಗಿದೆ ಅಂತ ಅನುಮಾನ ಪಡಬೇಕು. ಬೈಪಾಸ್ ಆದವರಿಗೆ ರಕ್ತನಾಳ ತೆಗೆದ ಕಾಲನ್ನು ಬಿಟ್ಟು ಇನ್ನೊಂದನ್ನು ಅಳೆಯಿರಿ, ಆ ಕಾಲು ಎಷ್ಟೋ ದಿನ ಊದಿರುತ್ತದೆ. ಕೈ ಕಟ್ಟಿಕೊಂಡು ಕುರ್ಚಿಯಿಂದ ಐದು ಸಲ ಎದ್ದು ಕೂರಲು ಹೇಳಿ. 12 ಸೆಕೆಂಡು ಅಥವಾ ಜಾಸ್ತಿ ಹಿಡಿದರೆ ಕಾಲಿನ ಶಕ್ತಿ ಕುಂದಿದೆ. ಎದೆ ಕೊಯ್ದು ಆಪರೇಷನ್ ಆದವರು ಮೊದಲ ಕೆಲವು ವಾರ ಇದನ್ನು ಕೇಳದೆ ಮಾಡಬೇಡಿ.

ಅಣ್ಣ, ನಿಮ್ಮಣ್ಣನಿಗೆ ಆರು ತಿಂಗಳಲ್ಲಿ 11 ಕೆ.ಜಿ. ಇಳಿದಾಗ ಯಾರಾದರೂ ಮೀನಖಂಡ ಮುಟ್ಟಿ ನೋಡಿದ್ದರೆ ಅಂತ ಅನ್ನಿಸುತ್ತದೆ. ಹೃದಯದ ರೋಗಿ ತಾನಾಗಿ ಸೊರಗುವುದು ಸಣ್ಣ ವಿಷಯ ಅಲ್ಲ. ಒಂದು ವರ್ಷದೊಳಗೆ ತೂಕದ ಶೇ. 5ಕ್ಕಿಂತ ಜಾಸ್ತಿ ಕಾರಣವಿಲ್ಲದೆ ಇಳಿದರೆ ಅಭಿನಂದನೆ ಹೇಳುವ ಬದಲು ಡಾಕ್ಟರ್ ಹತ್ತಿರ ಕರೆದುಕೊಂಡು ಹೋಗಬೇಕು.

ಮೂಡಿಗೆರೆ ತೋಟ · ಸೋಮವಾರ ರಾತ್ರಿ

ಸರ್, ನಾಲ್ಕು ವರ್ಷದಿಂದ ಈ ಮಾತನ್ನು ಯಾರೂ ನನಗೆ ಹೀಗೆ ಬಿಡಿಸಿ ಹೇಳಿರಲಿಲ್ಲ. ಅಣ್ಣನ ಕಾಲು ಕೊನೆಕೊನೆಗೆ ಕಡ್ಡಿಯಾಗಿತ್ತು. ಹೊಟ್ಟೆ ಮಾತ್ರ ಹಾಗೇ ಇತ್ತು. ನನಗೆ ಈಗ ಅರ್ಥ ಆಗುತ್ತಿದೆ. ನನಗೂ 58. ನಾಳೆ ಟೇಪು ತರುತ್ತೇನೆ.

ಲೀಡ್ಸ್ ಕನ್ನಡಿಗ · ಮಂಗಳವಾರ ಬೆಳಿಗ್ಗೆ

ತೂಕ ಇಳಿಸುವ ಹೊಸ ಇಂಜೆಕ್ಷನ್ ಬಗ್ಗೆ ಯಾರೋ ನನಗೆ ಖಾಸಗಿಯಾಗಿ ಕೇಳಿದರು. ಇಲ್ಲೇ ಉತ್ತರಿಸುತ್ತೇನೆ, ಅಳತೆಗೂ ಸಂಬಂಧವಿದೆ. 2023ರಲ್ಲಿ ‘ಸೆಲೆಕ್ಟ್’ ಅನ್ನುವ ಪ್ರಯೋಗದ ಫಲ ಬಂತು. ಹೃದಯ ರೋಗ ಇದ್ದು ಸಕ್ಕರೆ ಕಾಯಿಲೆ ಇಲ್ಲದ 17,604 ಜನ. ಸೆಮಾಗ್ಲುಟೈಡ್ ಅನ್ನುವ ಈ ಇಂಜೆಕ್ಷನ್ ಪಡೆದವರಲ್ಲಿ ಹೃದಯಾಘಾತ, ಪಾರ್ಶ್ವವಾಯು, ಹೃದಯದ ಸಾವು ಒಟ್ಟಿನಲ್ಲಿ ಶೇ. 20 ಕಡಿಮೆ. ಆದರೆ ಒಳಗೆ ಸೇರಿಸಿಕೊಂಡದ್ದು ಬಿಎಂಐ 27 ಅಥವಾ ಜಾಸ್ತಿ ಇದ್ದವರನ್ನು ಮಾತ್ರ. ಹಾಸನದ ಅಪ್ಪನಂಥವರು, ಅಂದರೆ 23.5 ಇದ್ದು ಹೊಟ್ಟೆ 97 ಇರುವವರು, ಆ ಬಾಗಿಲಲ್ಲೇ ಹೊರಗುಳಿಯುತ್ತಾರೆ. 2025ರಲ್ಲಿ ಅದೇ ಪ್ರಯೋಗದ ಅಂಕಿಗಳನ್ನು ಮತ್ತೆ ನೋಡಿದಾಗ, ಲಾಭದ ಸುಮಾರು ಮೂರನೇ ಒಂದು ಪಾಲು ಸೊಂಟ ಇಳಿದದ್ದರ ಜೊತೆ ಸೇರಿಕೊಂಡಿತ್ತು. ತೂಕ ಎಷ್ಟು ಇಳಿಯಿತು ಅನ್ನುವುದರ ಜೊತೆ ಅಂಥ ನಂಟು ಕಾಣಲಿಲ್ಲ. ಔಷಧಿ ಯಾರಿಗೆ ಬೇಕು ಅನ್ನುವುದನ್ನು ನಿಮ್ಮ ಹೃದಯದ ಡಾಕ್ಟರೇ ಹೇಳಬೇಕು. ಕೇಳಲು ಹೋಗುವಾಗ ಸೊಂಟದ ಅಳತೆ ಬರೆದುಕೊಂಡು ಹೋಗಿ.

ಗಣಿತ ಮೇಷ್ಟ್ರು, ಧಾರವಾಡ · ಮಂಗಳವಾರ ಬೆಳಿಗ್ಗೆ

ಎಲ್ಲರಿಗೂ ಒಂದು ಮಾತು. ಎತ್ತರವನ್ನೂ ಹೊಸದಾಗಿ ಅಳೆಯಿರಿ. ನನ್ನ ಡ್ರೈವಿಂಗ್ ಲೈಸೆನ್ಸ್ ಕಾಲದ ಎತ್ತರ 170. ಈಗ 71ನೇ ವಯಸ್ಸಿಗೆ ಗೋಡೆಗೆ ನಿಂತರೆ 166. ಬೆನ್ನು ಬಾಗುತ್ತದೆ, ಮೂಳೆಯ ನಡುವಿನ ಬಿಲ್ಲೆ ಸವೆಯುತ್ತದೆ. ಎತ್ತರ ತಪ್ಪಿದರೆ ಬಿಎಂಐಯೂ ತಪ್ಪು, ಅನುಪಾತವೂ ತಪ್ಪು.

ತಂಗಿ, ತಂದೆಯವರಿಗೆ ಒಬ್ಬರಿಗೇ ಟೇಪು ಹಿಡಿದರೆ ಶಿಕ್ಷೆ ಅನ್ನಿಸೀತು. ಮನೆಯವರೆಲ್ಲ ಅಳೆದುಕೊಳ್ಳಿ.

ಹಾಸನದ ಮಗಳು · ಬುಧವಾರ ಬೆಳಿಗ್ಗೆ

ಮೇಷ್ಟ್ರೇ, ನೀವು ಹೇಳಿದ ಹಾಗೆ ಮಾಡಿದೆವು. ನನ್ನದು 78. ತಮ್ಮನದು 88. ಕೊನೆಗೆ ಅಮ್ಮ. ‘ನನಗ್ಯಾಕೆ, ನನಗೇನಾಗಿದೆ’ ಅಂತ ಒಲೆ ಮುಂದಿನಿಂದ ಏಳಲೇ ಇಲ್ಲ. ಅಪ್ಪನೇ ಕೈ ಹಿಡಿದು ಎಬ್ಬಿಸಿದರು.

ಅಮ್ಮನ ಲಂಗದ ಲಾಡಿ ಕಟ್ಟುವ ಜಾಗದಲ್ಲಿ ಕಪ್ಪು ಗೆರೆ ಬಿದ್ದಿದೆ. ಅದರ ಮೇಲೆ ಎರಡು ಬೆರಳು ಬಿಟ್ಟು ಗುರುತು ಸಿಕ್ಕಿತು. 92 ಸೆಂ.ಮೀ. ಎತ್ತರ 152. ಅನುಪಾತ 0.6 ದಾಟಿದೆ. ಮೂರು ತಿಂಗಳಿಂದ ಎಲ್ಲರೂ ಅಪ್ಪನನ್ನೇ ನೋಡುತ್ತಿದ್ದೆವು. ಅಮ್ಮನಿಗೆ ಎಂಟು ವರ್ಷದಿಂದ ಬಿಪಿ ಮಾತ್ರೆ ಇದೆ. ಈಚೆಗೆ ಟೆರೇಸಿನ ಮೆಟ್ಟಿಲು ಹತ್ತಿದರೆ ಮಧ್ಯದಲ್ಲಿ ನಿಲ್ಲುತ್ತಾರೆ. ಸುಸ್ತು, ವಯಸ್ಸಾಯಿತು ಅಂತಾರೆ. ನಾನೂ ಹಾಗೇ ಅಂದುಕೊಂಡಿದ್ದೆ.

ವಾರ್ಡ್ ಸಿಸ್ಟರ್ · ಬುಧವಾರ ಬೆಳಿಗ್ಗೆ

ತಂಗಿ, ತಡ ಮಾಡಬೇಡಿ, ಇಸಿಜಿ ಮತ್ತು ಎಕೋ ಮಾಡಿಸಿ. ಹೆಂಗಸರಲ್ಲಿ ಹೃದಯದ ತೊಂದರೆ ಎದೆನೋವೇ ಇಲ್ಲದೆ ಬರೀ ಆಯಾಸ, ಏದುಸಿರು ಆಗಿ ಬರುವುದುಂಟು. ಸಕ್ಕರೆ, ಕೊಲೆಸ್ಟರಾಲ್ ಕೂಡ ನೋಡಿಸಿ. ಕೂತಲ್ಲೇ ಉಸಿರು ಕಟ್ಟಿದರೆ ಅಥವಾ ಎದೆ, ದವಡೆ, ಬೆನ್ನಿನಲ್ಲಿ ನೋವು ಬಂದರೆ ಕಾಯಲೇಬೇಡಿ, 108ಕ್ಕೆ ಫೋನ್ ಮಾಡಿ.

2019ರಿಂದ 21ರ ತನಕ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಮೊದಲ ಸಲ ಸೊಂಟವನ್ನೂ ಅಳೆದರು. ದೇಶದಲ್ಲಿ ಹೊಟ್ಟೆಯ ಬೊಜ್ಜು ಗಂಡಸರಲ್ಲಿ ಶೇ. 12, ಹೆಂಗಸರಲ್ಲಿ ಶೇ. 40. ಆದರೂ ನಮ್ಮ ವಾರ್ಡಿಗೆ ಹೆಂಗಸರನ್ನು ಕರೆತರುವುದು ಯಾವಾಗಲೂ ತಡವಾಗಿಯೇ.

ತುಂಗೆಯ ದಡ · ಬುಧವಾರ ಮಧ್ಯಾಹ್ನ

ಅಮ್ಮನ ಕಾಲುಂಗುರ ಸಡಿಲ ಇದೆಯಾ ನೋಡಿ, ಪ್ಲೀಸ್.

ಹಾಸನದ ಮಗಳು · ಬುಧವಾರ ಸಂಜೆ

ನೋಡಿದೆ ಅಕ್ಕ. ಸಡಿಲವಾಗಿ ತಿರುಗುತ್ತದೆ. ಕಾಲಲ್ಲಿ ಗುಳಿ ಇಲ್ಲ.

ಅಪ್ಪ ಇವತ್ತು ಕ್ಯಾಲೆಂಡರಿನಿಂದ ತಮ್ಮ ಚೀಟಿ ತೆಗೆದರು. ಅದರ ಹಿಂಭಾಗದಲ್ಲಿ ಇಬ್ಬರ ಸೊಂಟದ ಅಳತೆ, ತಾರೀಖು ಬರೆದು ಮತ್ತೆ ಅಲ್ಲೇ ಸಿಕ್ಕಿಸಿದ್ದಾರೆ. ನಾಳೆ ಬೆಳಿಗ್ಗೆ ಎಂಟೂವರೆಗೆ ಅಮ್ಮನ ಹೆಸರಲ್ಲಿ ಎಕೋಗೆ ಬರೆಸಿದ್ದೇನೆ. ಜೊತೆಗೆ ಅಪ್ಪನೂ ಬರುತ್ತಾರಂತೆ.